ಸುರಂಗದ ಆಚೆಯ ಬೇವು

ನನಗೆ ದೆವ್ವದಲ್ಲಿ ನಂಬಿಕೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ಈ ಹೆಂಗಸಿಗೆ ವಯಸ್ಸಾಗಿ ತಲೆ ಕೆಟ್ಟಿದೆ ಎಂದು ನೀವು ಅಂದುಕೊಳ್ಳಬಹುದು. ಶಹಾಪುರದ ನಮ್ಮ ಮನೆಯಲ್ಲಿ ಬುದ್ಧನ ಪಟವೊಂದನ್ನು ಬಿಟ್ಟರೆ ಬೇರಾವ ಪಟವೂ ಇರಲಿಲ್ಲ. ದೇವರೇ ಇಲ್ಲದ ಮನೆಗೆ ದೆವ್ವ ಯಾವ ಬಾಗಿಲಿಂದ ಬರಬೇಕು ಎಂದು ಅಪ್ಪ ನಗುತ್ತಿದ್ದ. ಅಪ್ಪ ಕಾಲುವೆಯ ಗ್ಯಾಂಗ್‌ಮನ್. ಜ್ವರ ಬಂದು ಎಂಟು ದಿನದಲ್ಲಿ ಹೋದ. ಅವನ ನೌಕರಿ ಅನುಕಂಪದ ಮೇಲೆ ನನಗೆ ಬಂತು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ ಎಂದು ಕೈಗೆ ಸಲಿಕೆ ಕೊಡದೆ ವೈರ್‌ಲೆಸ್ ಪೆಟ್ಟಿಗೆಯ ಮುಂದೆ ಕೂಡಿಸಿದರು.

ಕೆಂಭಾವಿಗೆ ಹೋಗುವ ಬಸ್ಸಿನಿಂದ ಇಳಿದು ಒಂದು ಮೈಲಿ ನಡೆದರೆ ನಮ್ಮ ಕ್ಯಾಂಪು. ಕಲ್ಲಿನ ಗೋಡೆಯ ಆರೇಳು ಮನೆ, ಒಂದು ಆಫೀಸು, ಮುಂದೆ ಕಾಲುವೆ. ಕಾಲುವೆ ಆಫೀಸಿನ ಮುಂದಿಂದ ಇನ್ನೂರು ಹೆಜ್ಜೆ ಸೀದಾ ಹೋಗಿ, ಗುಂಡುಕಲ್ಲುಗಳ ಗುಡ್ಡವೊಂದರ ಬುಡದಲ್ಲಿ ಸುರಂಗದ ಒಳಗೆ ಇಳಿಯುತ್ತಿತ್ತು. ಸುರಂಗ ಅಷ್ಟೇನೂ ಉದ್ದವಲ್ಲ, ಮುನ್ನೂರು ಹೆಜ್ಜೆ ಇರಬಹುದು. ಈ ಬಾಯಲ್ಲಿ ನಿಂತರೆ ಆ ಬಾಯಿ ನಾಲ್ಕಾಣೆಯಷ್ಟಗಲ ಬೆಳಕಾಗಿ ಕಾಣುತ್ತಿತ್ತು. ಒಳಗೆ ಬಾವಲಿ, ಕೆಸರು, ಮೇ ತಿಂಗಳಲ್ಲೂ ಮೈ ನಡುಗಿಸುವ ತಂಪು. ಅದರೊಳಗೆ ಹೋದ ಯಾವ ದನಿಯೂ ತನ್ನದಾಗಿ ಉಳಿಯುತ್ತಿರಲಿಲ್ಲ. ಕೂಸು ಅತ್ತರೂ ಗಂಡಸು ಕೂಗಿದರೂ ಹೊರಗೆ ಬರುವಾಗ ಎಲ್ಲವೂ ಒಂದೇ ದಪ್ಪನೆಯ, ಉದ್ದನೆಯ ದನಿಯಾಗಿ ಮೂರು ಸಲ ಮರಳುತ್ತಿತ್ತು.

ನೀರು ಹತ್ತು ದಿನ ಬಿಡುತ್ತಿದ್ದರು, ಹತ್ತು ದಿನ ಬಂದ್. ಬಂದ್ ಇದ್ದಾಗ ಕಾಲುವೆಯ ತಳ ಒಣಗುತ್ತಿತ್ತು. ಕುರಿಯವರು, ಹತ್ತಿ ಬಿಡಿಸಲು ಬಂದ ಹೆಣ್ಣುಮಕ್ಕಳು ಬಿಸಿಲಿಗೆ ತಾಳದೆ ಸುರಂಗದ ತಂಪಿಗೆ ಬಂದು ಮಲಗುತ್ತಿದ್ದರು. ಹಾಗಾಗಿ ಮತ್ತೆ ನೀರು ಬಿಡುವ ದಿನ ಯಾರಾದರೂ ಸುರಂಗದೊಳಗೆ ನಡೆದು, ಒಳಗೆ ಯಾರೂ ಇಲ್ಲವೆಂದು ನೋಡಿ ಬರಬೇಕು. ಅವರು ಬಂದು ಹೇಳಿದ ಮೇಲೆ ನಾನು ವೈರ್‌ಲೆಸ್ಸಿನಲ್ಲಿ ಮೇಲಿನ ಗೇಟಿನವನಿಗೆ "ಬಿಡ್ರಿ" ಎನ್ನಬೇಕು. ಅಲ್ಲಿ ಗೇಟು ಎತ್ತಿದ ಒಂದು ಗಂಟೆ ಕಾಲು ಹೊತ್ತಿಗೆ ನೀರು ಸುರಂಗ ಮುಟ್ಟುತ್ತಿತ್ತು. ಇಷ್ಟೇ ಕೆಲಸ. ನನ್ನ ಬಾಯಿಯ ಒಂದು ಮಾತಿನಿಂದ ನೀರು ಬರುತ್ತಿತ್ತು ಎಂದು ಇಪ್ಪತ್ತರ ವಯಸ್ಸಿನಲ್ಲಿ ನನಗೆ ಸ್ವಲ್ಪ ಸೊಕ್ಕೂ ಇತ್ತು.

ನಾನು ಸೇರಿದಾಗ ನಡೆಯುವವರು ಯಾರೂ ಇರಲಿಲ್ಲ. ಮೂವರು ಗ್ಯಾಂಗ್‌ಮನ್‌ಗಳಿದ್ದರು. ಒಬ್ಬ ಹಿರಿಯ, ನನ್ನಪ್ಪನ ಜೊತೆಗಾರ, ಮಾತು ಕಡಿಮೆ. ಇನ್ನೊಬ್ಬ ಮಾತಿನಮಲ್ಲ, ಸತ್ತ ಮನೆಯಲ್ಲೂ ನಗಿಸುವವನು. ಮೂರನೆಯವನು ಇವರಿಬ್ಬರ ಬಾಲ. ಮೂವರೂ ಕ್ಯಾಂಪಿನ ಮುಂದಿನ ಚಾದಂಗಡಿಯಲ್ಲಿ ಕೂತು "ನಡೆದು ನೋಡಲಾಗಿದೆ" ಎಂದು ವಹಿಯಲ್ಲಿ ಬರೆದು, ಒಬ್ಬನ ಸಹಿ ಇನ್ನೊಬ್ಬ ಹಾಕಿ ಕಳಿಸುತ್ತಿದ್ದರು. ನನ್ನಪ್ಪನೂ ಹಾಗೇ ಮಾಡಿರಬೇಕು. ಹಳೆಯ ವಹಿಯಲ್ಲಿ ಅವನ ಸಹಿ ಮೂರು ಬಗೆಯ ಕೈಬರಹದಲ್ಲಿ ಇದೆ.

ಆಮೇಲೆ ಯಾದಗಿರಿಯ ಕಡೆಯಿಂದ ಒಬ್ಬ ಸಾಹೇಬರು ವರ್ಗವಾಗಿ ಬಂದರು. ಗಿಡ್ಡ ಆಳು, ಹೊಟ್ಟೆ ಮುಂದೆ, ಬಾಯಲ್ಲಿ ಯಾವಾಗಲೂ ಲವಂಗ. ಬಂದ ದಿನ ಯಾರಿಗೂ ಏನೂ ಹೇಳಲಿಲ್ಲ, ಭಾಷಣ ಬಿಗಿಯಲಿಲ್ಲ. ನೀರು ಬಿಡುವ ದಿನ ಬೆಳಿಗ್ಗೆ ಚಪ್ಪಲಿ ಕೈಯಲ್ಲಿ ಹಿಡಿದು, ಪ್ಯಾಂಟು ಮಡಚಿ, ಕಾಲುವೆಗೆ ಇಳಿದು ಹೊರಟೇಬಿಟ್ಟರು. ಚಾದಂಗಡಿಯಿಂದ ನೋಡಿದ ಮೂವರು ಬಿದ್ದೆವೋ ಎದ್ದೆವೋ ಎಂದು ಓಡಿ ಬಂದು ಹಿಂದೆ ನಿಂತರು. "ನೀವು ಚಾ ಕುಡೀರಿ, ನಾ ಬರ್ತೇನಿ" ಎಂದರಂತೆ ಸಾಹೇಬರು. ಸಿಟ್ಟಿನಿಂದಲ್ಲ, ನಿಜವಾಗಿಯೇ.

ಮುಕ್ಕಾಲು ಗಂಟೆ ಬಿಟ್ಟು ಬಂದವರ ಕೈಯಲ್ಲಿ ಒಂದು ಬೇವಿನ ಟೊಂಗೆ ಇತ್ತು. ಅದನ್ನು ನನ್ನ ಮೇಜಿನ ಮೇಲೆ ಇಟ್ಟರು. ನಮ್ಮ ಕಡೆ ಬೇವಿನ ಮರ ಇಲ್ಲ, ಬರೀ ಜಾಲಿ. ಬೇವು ಇರುವುದು ಸುರಂಗದ ಆಚೆಯ ಬಾಯಲ್ಲಿ, ಒಂದೇ ಒಂದು. ಗುಡ್ಡ ಸುತ್ತಿ ಹೋದರೆ ಎರಡು ತಾಸಿನ ಕಲ್ಲುದಾರಿ, ಟೊಂಗೆ ಬೇಕೆಂದರೆ ಸುರಂಗದಲ್ಲಿ ಹೋಗಿಯೇ ಬರಬೇಕು.

"ಸಹಿ ನಿನ್ನೀದೂ ಇರಬಹುದು, ನಾಳಿದೂ ಇರಬಹುದು ತಂಗಿ," ಎಂದರು. "ಎಲಿ ಹಂಗಲ್ಲ. ಸಂಜಿಗಿ ಬಾಡಿ ಹೋಗ್ತದ. ಹಸಿ ಟೊಂಗಿ ನಿನ್ನ ಮೇಜಿನ ಮ್ಯಾಲ ಕಂಡ್ರ ಬಿಡ್ರಿ ಅನ್ನು. ಕಾಣಲಿಲ್ಲಂದ್ರ ನಾನಽ ಹೇಳಿದ್ರೂ ಅನಬ್ಯಾಡ."

ಇನ್ನೊಂದು ನಿಯಮ ಮಾಡಿದರು. ಟೊಂಗೆ ಮೇಜಿಗೆ ಬಂದಮೇಲೆ ನೀರು ಬರುವ ತನಕ ಸುರಂಗದೊಳಗೆ ಯಾರೂ ಕಾಲಿಡಕೂಡದು. ನಡೆದವನೂ ಇಡಕೂಡದು, ಸಾಹೇಬರೂ ಇಡಕೂಡದು. ನಡೆಯುವ ಕ್ರಮವನ್ನೂ ಅವರೇ ಕಲಿಸಿದರು. ಸುರಂಗದ ಬಾಯಲ್ಲಿ ನಿಂತು ಯಾರಿದ್ದೀರಿ ಎಂದು ಕೂಗಬೇಕು. ದನಿ ಮೂರು ಸಲ ಮರಳಿ ಬಂದು ಅಡಗುವ ತನಕ ತಡೆಯಬೇಕು. ಆಮೇಲೂ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಕೇಳಬೇಕು. "ಕೂಗೋದು ಎಲ್ಲಾರಿಗೂ ಬರ್ತದ, ಕೇಳೋದು ಬರಂಗಿಲ್ಲ ನಮಗ" ಎಂದು ಲವಂಗ ಜಗಿಯುತ್ತ ನಗುತ್ತಿದ್ದರು.

ಒಂದು ಸಲ ಕಾಲುವೆಯ ತುದಿಗೆ ಯಾರೋ ದೊಡ್ಡವರು ಬರುವವರಿದ್ದರು. ಅವರು ಬರುವಷ್ಟರಲ್ಲಿ ಅಲ್ಲಿ ನೀರು ಹರಿಯುತ್ತಿರಬೇಕೆಂದು ವೈರ್‌ಲೆಸ್ಸಿನಲ್ಲಿ ಮೇಲಿನ ಅಧಿಕಾರಿ ಬೆಳಿಗ್ಗೆಯಿಂದ ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ಸಾಹೇಬರಿಗೆ ಅವತ್ತು ಮಂಡಿನೋವು. ಆದರೂ ನಡೆಯದೆ ಬಿಡುವುದಿಲ್ಲ ಎಂದು ಹೇಳಿ ಕುಂಟುತ್ತ ಇಳಿದರು. ಸುರಂಗದ ನಡುಮಧ್ಯದಲ್ಲಿ ಕೂಲಿಯ ಹೆಣ್ಣುಮಗಳೊಬ್ಬಳು ಕೂಸನ್ನು ಎದೆಗೆ ಹಾಕಿಕೊಂಡು ಮಲಗಿದ್ದಳು. ಮೂರು ದಿನದ ಜ್ವರ, ಕೂಗಿದ್ದು ಕೇಳಿರಲಿಲ್ಲ. ಅವಳನ್ನೂ ಕೂಸನ್ನೂ ಆಚೆ ಬಾಯಿಯ ಬೇವಿನ ನೆರಳಿಗೆ ಸೇರಿಸಿ ಬಂದರು. ನೀರು ತಡವಾಯಿತು, ಸಾಹೇಬರಿಗೆ ಕಾರಣ ಕೇಳಿ ನೋಟಿಸು ಬಂತು. ಅದನ್ನು ಮಡಚಿ ಕಿಸೆಯಲ್ಲಿಟ್ಟು, "ಕೂಸು ಕೆಂಪಗಿತ್ತು ನೋಡ್ರಿ" ಎಂದರು. ಅಷ್ಟೇ.

ಮತ್ತೊಮ್ಮೆ ಮಾತಿನಮಲ್ಲ ತೂಬು ಮುಚ್ಚುವುದನ್ನು ಮರೆತು ಒಬ್ಬರ ಒಣಹಾಕಿದ ಮೆಣಸಿನಕಾಯಿಗೆ ನೀರು ನುಗ್ಗಿತು. ಊರವರು ಬಡಿಗೆ ಹಿಡಿದು ಬಂದರು. ಸಾಹೇಬರು ಮುಂದೆ ಹೋಗಿ ನಿಂತು, "ತಪ್ಪು ನಂದ್ರಿ, ನಾ ನೋಡಬೇಕಿತ್ತು" ಎಂದರು. ಮಾತಿನಮಲ್ಲ ಆಫೀಸಿನ ಹಿಂದೆ ಕೂತು ಅಳುತ್ತಿದ್ದ. ಅವತ್ತಿನಿಂದ ಅವನು ತೂಬನ್ನು ಎರಡು ಸಲ ನೋಡುತ್ತಿದ್ದ, ಹೇಳಿಸಿಕೊಳ್ಳದೆ ಎಣ್ಣೆ ಹಾಕುತ್ತಿದ್ದ, ಮೈದುನನ ಮದುವೆ ನೀರು ಬಿಡುವ ದಿನ ಬಂತೆಂದು ಊಟದ ಹೊತ್ತಿಗಷ್ಟೇ ಹೋಗಿ ಹೆಂಡತಿಯಿಂದ ಬಯ್ಯಿಸಿಕೊಂಡ. ಮೂವರೂ ಸರದಿಯ ಮೇಲೆ ನಡೆಯತೊಡಗಿದರು. ಟೊಂಗೆ ತಂದು ನನ್ನ ಮೇಜಿನ ಮೇಲೆ ಇಡುವಾಗ ಅವರ ಮುಖ ನೋಡಬೇಕಿತ್ತು, ಬಂಗಾರ ತಂದಿಟ್ಟವರ ಹಾಗೆ ಇಡುತ್ತಿದ್ದರು. ನಾನು ಮಾತ್ರ ಒಮ್ಮೆಯೂ ಸುರಂಗದೊಳಗೆ ಹೋಗಿರಲಿಲ್ಲ. ನನ್ನದು ಮೇಜಿನ ಕೆಲಸ ಅಲ್ಲವೇ.

ಸಾಹೇಬರು ಒಂದು ರವಿವಾರ ಯಾದಗಿರಿಯ ತಮ್ಮ ಮನೆಯಲ್ಲಿ ಊಟ ಮಾಡಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಸುದ್ದಿ ಬಂದದ್ದು ನನ್ನ ವೈರ್‌ಲೆಸ್ಸಿಗೆ. ಮೂವರು ಗ್ಯಾಂಗ್‌ಮನ್‌ಗಳು ಮೊದಲು ಸುರಂಗ ದಾಟಿ ಹೋಗಿ ಬೇವಿನ ಟೊಂಗೆ ಮುರಿದುಕೊಂಡು, ಅದನ್ನು ಹಿಡಿದುಕೊಂಡೇ ಬಸ್ಸು ಹತ್ತಿದರು, ನಾನೂ ಹತ್ತಿದೆ. ಯಾದಗಿರಿಗೆ ಹೋಗಿ ಅವರ ಎದೆಯ ಮೇಲೆ ಇಟ್ಟರು. ಮನೆಯವರಿಗೆ ಏನೂ ಅರ್ಥವಾಗಲಿಲ್ಲ, ಆದರೂ ಯಾರೂ ತೆಗೆಯಲಿಲ್ಲ. ನಾನು ಬಾಗಿಲ ಹತ್ತಿರ ನಿಂತು ಅತ್ತೆ. ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಆಮೇಲೆ ಅವರ ಕುರ್ಚಿಗೆ ಒಂದು ಟವೆಲ್ಲು ಹೊದಿಸಿದರು. ವಾರಕ್ಕೆ ಒಂದು ಹಾರ ಬಂತು. ಊದುಬತ್ತಿ ಬಂತು. ಆಫೀಸಿನಲ್ಲಿ ಕೈ ಇದ್ದ ಕುರ್ಚಿ ಅದೊಂದೇ, ಆದರೆ ಯಾರೂ ಕೂಡುವ ಹಾಗಿಲ್ಲ.

ಹೊಸ ಸಾಹೇಬರಿಗೆ ನಮ್ಮದೊಂದೇ ಅಲ್ಲ, ಮೂರು ಕಡೆಯ ಕೆಲಸ. ಸುರಪುರದಲ್ಲಿ ಕೂಡುತ್ತಿದ್ದರು. ಕೆಟ್ಟವರೇನಲ್ಲ, ಬಂದಾಗಲೆಲ್ಲ ನನ್ನ ಅವ್ವನ ಆರೋಗ್ಯ ಕೇಳುತ್ತಿದ್ದರು. ಆದರೆ ತಿಂಗಳಿಗೊಮ್ಮೆ ಜೀಪಿನಲ್ಲಿ ಬಂದು, ಮುಂದಿನ ತಿಂಗಳ ನಡಿಗೆಯ ವಹಿಗೂ ಈಗಲೇ ಸಹಿ ಹಾಕಿ ಹೋಗುತ್ತಿದ್ದರು. "ನಡೀರಿ ಅಂತ ಹೇಳೀನಲ್ಲ, ಮತ್ತೇನು?" ಎನ್ನುತ್ತಿದ್ದರು. ಜೀಪಿನಿಂದ ಅವರ ಬೂಟು ಮಣ್ಣಿಗೆ ಇಳಿದದ್ದು ನಾನು ಬಹಳ ನೋಡಿಲ್ಲ. ಮೂವರು ಮೊದಲೆರಡು ಸರದಿ ಸಾಹೇಬರ ನೆನಪಿಗೆ ಜಿದ್ದಿನಿಂದ ನಡೆದರು. ಮೂರನೆಯದಕ್ಕೆ ಅರ್ಧ ನಡೆದು ಮರಳಿದರು. ನಾಲ್ಕನೆಯದಕ್ಕೆ ಬಾಯಲ್ಲಿ ನಿಂತು ಕೂಗಿ ಬಂದರು. ಟೊಂಗೆ ಎಲ್ಲಿ ಎಂದರೆ ಮಾತಿನಮಲ್ಲ, "ಯಾರ ಸಲುವಾಗಿ ತರಬೇಕ್ರಿ ಮೇಡಮ್ಮ, ನೋಡಾಕ ಯಾರದಾರ?" ಎಂದ. ನಾನು ಅದಕ್ಕೂ "ಬಿಡ್ರಿ" ಎಂದೆ. ಹೀಗೆ ಇನ್ನೂ ಎರಡು ಸರದಿ ಹೋದವು.

ಅದರ ಮುಂದಿನ ಸರದಿಯ ಬೆಳಿಗ್ಗೆ ಒಂಬತ್ತೂವರೆಗೆ ನಾನು ಬಸ್ಸಿಳಿದು ಬಂದು ಆಫೀಸಿನ ಕೀಲಿ ತೆಗೆದೆ. ಮೇಜಿನ ಮೇಲೆ ಬೇವಿನ ಟೊಂಗೆ ಇತ್ತು.

ಹಸಿಯದು. ಮುರಿದ ತುದಿಯಲ್ಲಿ ಇನ್ನೂ ರಸ ಇತ್ತು. ಎಲೆಯ ಮೇಲೆ ಇಬ್ಬನಿ. ಕೀಲಿ ನನ್ನ ಹತ್ತಿರ ಒಂದೇ ಇದ್ದದ್ದು. ಮೇಜಿನ ಪಕ್ಕದ ಕಿಟಕಿಗೆ ಒಂದು ಗಾಜು ಒಡೆದು ಹೋಗಿತ್ತು ನಿಜ, ಆದರೆ ಅದರ ಮುಂದೆ ಕಬ್ಬಿಣದ ಸರಳು. ಆಫೀಸಿನಲ್ಲಿ ಲವಂಗದ ವಾಸನೆ ಬಂದ ಹಾಗಾಯಿತು. ಅದು ಊದುಬತ್ತಿಯದೇ ಇರಬಹುದು ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಲಿಲ್ಲ. ಮೂವರನ್ನೂ ಕರೆದು ಕೇಳಿದೆ. ಮೂವರೂ ಅಲ್ಲ ಎಂದರು. ಹಿರಿಯವನು ತಲೆಯ ರುಮಾಲು ತೆಗೆದು ಎದೆಗೆ ಹಿಡಿದು, "ನಸಿಕಿನ್ಯಾಗ ಸುರಂಗದಾಗ ಒದರಿದ್ದು ಕೇಳೀನ್ರಿ ನಾ. ಮೂರು ಸಲ. ಆಮ್ಯಾಲ ಸುಮ್ನ. ಸಾಹೇಬ್ರಽ ಅವರು" ಎಂದ.

ನಾನು ಕುರ್ಚಿಯ ಕಡೆ ನೋಡಿದೆ. ಟವೆಲ್ಲು ಒಂದು ಕಡೆ ಜಾರಿತ್ತು.

ಆವತ್ತು ನಾನು ಯಾರನ್ನೂ ನಡೆಯಲು ಕಳಿಸಲಿಲ್ಲ. ವೈರ್‌ಲೆಸ್ ಎತ್ತಿ "ಬಿಡ್ರಿ" ಎಂದೆ. ಮುಂದಿನ ಸರದಿಗೂ ಟೊಂಗೆ ಬಂತು. ಅದರ ಮುಂದಿನದಕ್ಕೂ. ಒಂದು ಸಲ ಎಲೆಗಳ ನಡುವೆ ಹೂವಿತ್ತು. ಒಂದು ಸಲ ಮೇಜಿನ ಮೇಲೆ ಕೆಸರಿನ ಹನಿ ಬಿದ್ದಿತ್ತು, ಕಿಟಕಿಯ ಕಡೆಯಿಂದ ಟೊಂಗೆಯ ತನಕ, ಒಂದರ ಹಿಂದೆ ಒಂದು. ಒರೆಸಲು ಕೈ ಬರಲಿಲ್ಲ, ತಾನಾಗಿ ಒಣಗಿತು.

ಮೂವರ ನಡತೆ ಮತ್ತೆ ಬದಲಾಯಿತು. ಬಹಳ ಭಕ್ತಿವಂತರಾದರು. ಕುರ್ಚಿಗೆ ದಿನಾ ಹಾರ. ನೀರು ಬಿಡುವ ದಿನ ಮಿಂದು ಬಂದು, ತೆಂಗಿನಕಾಯಿ ಹಿಡಿದು ಸುರಂಗದ ಬಾಯಲ್ಲಿ ಸಾಲಾಗಿ ಕೈ ಮುಗಿದು ನಿಲ್ಲುತ್ತಿದ್ದರು. ನಡೆಯುವುದೊಂದನ್ನು ಮಾತ್ರ ಬಿಟ್ಟರು. ಸಾಹೇಬರೇ ನಡೆಯುವಾಗ ನಾವು ನಡೆದರೆ ಅವರಿಗೆ ಅವಮಾನ ಎಂದು ಮಾತಿನಮಲ್ಲ ಹೇಳಿದ. ಈ ಸಲ ನಗಿಸಲು ಹೇಳಿರಲಿಲ್ಲ.

ನನ್ನದೇ ದೊಡ್ಡ ತಪ್ಪು. ಒಂದು ನಸುಕಿನಲ್ಲಿ ಬಂದು ಕಾದು ನೋಡಿದ್ದರೆ ಗೊತ್ತಾಗುತ್ತಿತ್ತು. ಹಿಂದಿನ ಸಂಜೆ ಕ್ಯಾಂಪಿನಲ್ಲೇ ಉಳಿದಿದ್ದರೆ ಸಾಕಿತ್ತು. ಉಳಿಯಲಿಲ್ಲ. ಹೆದರಿಕೆ ಎಂದು ಆಗ ಅಂದುಕೊಂಡಿದ್ದೆ, ಆದರೆ ಹೆದರಿಕೆ ಅರ್ಧ. ಯಾರು ಇಡುತ್ತಾರೆಂದು ಗೊತ್ತಾದರೆ ಮೂವರ ಜೊತೆ ಜಗಳಾಡಬೇಕು, ಹೊಸ ಸಾಹೇಬರಿಗೆ ಎದುರು ಮಾತಾಡಬೇಕು. ಗೊತ್ತಾಗದೆ ಇದ್ದರೆ ಬೆಳಿಗ್ಗೆ ಬಂದು ಟೊಂಗೆ ನೋಡಿ ಒಂದು ಮಾತು ಹೇಳಿದರೆ ಆಯಿತು. ಬುದ್ಧನ ಪಟದ ಕೆಳಗೆ ಬೆಳೆದವಳು ನಾನು ದೆವ್ವಕ್ಕೆ ಡ್ಯೂಟಿ ಹಾಕಿ ಆರಾಮಾಗಿ ಕೂತಿದ್ದೆ.

ಅವತ್ತು ಮೋಡ ಮುಚ್ಚಿತ್ತು. ಗಾಳಿ ಇಲ್ಲ. ಗುಡ್ಡದ ಕಲ್ಲುಗಳು ಹತ್ತಿರ ಸರಿದ ಹಾಗೆ ಕಾಣುತ್ತಿದ್ದವು. ಮೇಜಿನ ಮೇಲೆ ಟೊಂಗೆ ಇತ್ತು, ಹತ್ತಕ್ಕೆ ನಾನು ಮಾತು ಕೊಟ್ಟೆ, ಗೇಟು ಎತ್ತಿದರು. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಸುರಂಗದ ಕಡೆಯಿಂದ ದನಿ ಬಂತು.

ಉದ್ದನೆಯ, ದಪ್ಪನೆಯ ದನಿ. ಮಾತು ತಿಳಿಯಲಿಲ್ಲ. ಮೂರು ಸಲ ಮರಳಿತು. ನಾನು ಹೊರಗೆ ಬಂದು ಆ ಕಡೆ ನಡೆದೆ. ಸುರಂಗದ ಬಾಯಲ್ಲಿ ಮೂವರೂ ಕೈ ಮುಗಿದು, ಕಣ್ಣು ಮುಚ್ಚಿ ನಿಂತಿದ್ದರು. ಹಿರಿಯವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ದನಿ ಮತ್ತೆ ಬಂತು. ನಿಜ ಹೇಳುತ್ತೇನೆ, ನಾನೂ ಕೈ ಮುಗಿದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಐದು ನಿಮಿಷವೇ ಇರಬಹುದು. ಆ ಐದು ನಿಮಿಷಕ್ಕೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಮುಗಿದ ಕೈ ಹಾಗೇ ಇರುವಾಗ ಒಂದು ಮಾತು ತಲೆಗೆ ಹೊಳೆಯಿತು. ಟೊಂಗೆ ಮೇಜಿಗೆ ಬಂದಾಗಿದೆ. ಟೊಂಗೆ ಬಂದಮೇಲೆ ಸುರಂಗದೊಳಗೆ ಯಾರೂ ಇರಕೂಡದು, ಸಾಹೇಬರೂ ಇರಕೂಡದು. ಇಷ್ಟು ದಿನ ಆ ಕೂಗು ಕೇಳಿದ್ದು ನಸುಕಿನಲ್ಲಿ, ಟೊಂಗೆ ಬರುವ ಮೊದಲು. ಈ ಹೊತ್ತಿನಲ್ಲಿ ಎಂದೂ ಕೇಳಿರಲಿಲ್ಲ. ಸತ್ತರೂ ಸಾಹೇಬರು ತಾವು ಮಾಡಿದ ನಿಯಮ ಮುರಿಯುವವರಲ್ಲ. ಹಾಗಾದರೆ ಒಳಗಿರುವವರು ಯಾರು?

ಓಡಿ ಹೋಗಿ ವೈರ್‌ಲೆಸ್ ಎತ್ತಿ "ಬಂದ್ ಮಾಡ್ರಿ, ಬಂದ್ ಮಾಡ್ರಿ" ಎಂದು ಒದರಿದೆ. ಗೇಟಿನವನು ಯಾಕೆ ಎಂದ. "ಒಳಗ ಮನಷ್ಯಾರದಾರ" ಎಂದೆ. ಅವನು ಇಳಿಸುತ್ತೇನೆ ಎಂದ, ಆದರೆ ಬಿಟ್ಟ ನೀರು ಬಂದೇ ಬರುತ್ತದೆ, ಅದನ್ನು ತಡೆಯಲು ನನ್ನ ಕೈಲಾಗಲ್ಲ ಎಂದ. ಗಡಿಯಾರ ನೋಡಿದೆ. ಇನ್ನು ಹದಿನೈದು ನಿಮಿಷ, ಹೆಚ್ಚೆಂದರೆ ಇಪ್ಪತ್ತು.

ಸುರಂಗದ ಬಾಯಿಗೆ ಓಡಿ ಬಂದು, "ನಡೀರಿ ಒಳಗ, ಯಾರೋ ಸಿಕ್ಕೊಂಡಾರ" ಎಂದೆ. ಮೂವರೂ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು.

"ಯವ್ವಾ, ಬ್ಯಾಡ. ಒಳಗ ಸಾಹೇಬ್ರು ಅದಾರ" ಎಂದ ಹಿರಿಯವನು.

"ಇದ್ರ ಅವರನ್ನೂ ಕರಕೊಂಡು ಬರೂಣ" ಎಂದು ಒಳಗೆ ಕಾಲಿಟ್ಟೆ.

ಹತ್ತು ಹೆಜ್ಜೆಗೆ ಬೆಳಕು ಹಿಂದೆ ಉಳಿಯಿತು. ಕೆಸರು ಕಾಲನ್ನು ಹಿಡಿದು ಹಿಡಿದು ಬಿಡುತ್ತಿತ್ತು. ತಲೆಯ ಮೇಲೆ ಬಾವಲಿಗಳು ಸರಿದಾಡಿದವು. "ಯಾರದೀರಿ?" ಎಂದು ಕೂಗಿದೆ. ನನ್ನ ದನಿ ಮುಂದೆ ಹೋಗಿ ತಿರುಗಿ ನನ್ನ ಮೇಲೆಯೇ ಬಂತು, ಗಂಡಸಿನ ದನಿಯಾಗಿ, ಸಾಹೇಬರದೇ ಎನ್ನುವ ಹಾಗೆ. ಹಿಂದೆ ಯಾರದೋ ಹೆಜ್ಜೆ ಕೇಳತೊಡಗಿತು. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ತಿರುಗಿ ನೋಡುವ ಧೈರ್ಯ ಇರಲಿಲ್ಲ. ದನಿ ಮೂರು ಸಲ ಮರಳುವ ತನಕ ತಡೆದೆ. ಆಮೇಲೂ ತಡೆದೆ. ಆಗ ಕೇಳಿಸಿತು, ಮುಂದೆ, ಎಡಗಡೆ ಗೋಡೆಯ ಬುಡದಲ್ಲಿ, ಸಣ್ಣಗೆ, "ಅಕ್ಕಾ..."

ಅರ್ಧ ದಾಟಿದ ಮೇಲೆ ಅವಳು ಬಿದ್ದಿದ್ದಳು. ಪಾದ ಮುರಿದು ಅಡ್ಡ ತಿರುಗಿತ್ತು. ತೆವಳಲು ನೋಡಿ ಕೆಸರಿನಲ್ಲಿ ಹೂತಿದ್ದಳು. ನನ್ನ ಹಿಂದಿನ ಹೆಜ್ಜೆ ಬಂದು ನನ್ನ ಪಕ್ಕದಲ್ಲಿ ಬಗ್ಗಿತು. ಹಿರಿಯವನು. ಅವನ ಹಿಂದೆ ಇನ್ನಿಬ್ಬರು. ಇಬ್ಬರು ತೋಳು ಹಿಡಿದರು, ಇಬ್ಬರು ಕಾಲು. ಬಂದ ಕಡೆಗೆ ಹೋಗುವ ಹಾಗಿಲ್ಲ, ನೀರು ಬರುವುದು ಅಲ್ಲಿಂದಲೇ. ಆಚೆ ಬಾಯಿಯ ಬೆಳಕಿನ ಕಡೆಗೆ ಹೊರಟೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ಉಸಿರು ಬಿಟ್ಟಂಥ ಸದ್ದು ಶುರುವಾಯಿತು. ಬಾವಲಿಗಳೆಲ್ಲ ಒಮ್ಮೆಲೆ ನಮ್ಮ ತಲೆ ಸವರಿಕೊಂಡು ಮುಂದೆ ಹಾರಿ ಹೋದವು. ಬಾಯಿ ಮುಟ್ಟುವ ಮೊದಲು ನೀರು ಹಿಮ್ಮಡಿಗೆ ಬಂತು, ಆಮೇಲೆ ಮೊಣಕಾಲಿಗೆ. ಮಾತಿನಮಲ್ಲ ಒಮ್ಮೆ ಬಿದ್ದ, ಅವಳ ಕಾಲನ್ನು ಮಾತ್ರ ಬಿಡಲಿಲ್ಲ.

ಮೆಟ್ಟಿಲು ಹತ್ತಿ ಬೇವಿನ ಮರದ ಕೆಳಗೆ ಮಲಗಿಸಿದೆವು. ಹಿಂದೆ ಸುರಂಗ ತುಂಬಿ ನೀರು ಹೊರಬಿತ್ತು. ಆಗ ಹಿರಿಯವನು ಅವಳ ಮುಖ ನೋಡಿ ನೆಲಕ್ಕೆ ಕುಸಿದು ಕೂತ. ಸಾಹೇಬರು ಅಂದು ಕೂಸಿನ ಸಮೇತ ಎತ್ತಿ ತಂದ ಹೆಣ್ಣುಮಗಳು. ಬೇವಿನ ಮರದಿಂದ ಕೂಗಳತೆಯಲ್ಲಿ ಅವಳ ಗುಡಿಸಲು, ಟೊಂಗೆಗೆ ಬಂದಾಗ ಅವನು ಅವಳನ್ನು ನೋಡಿದ್ದ. ಅಂದಿನ ಕೂಸು ಈಗ ಸಾಲಿಗೆ ಹೋಗುತ್ತಿತ್ತು.

"ಸಾಹೇಬ್ರು ತೀರಿಕೊಂಡ್ರು ಅಂತ ಗೊತ್ತಾತ್ರಿ ಅಕ್ಕಾ," ಎಂದಳು, ಹಲ್ಲು ಕಟಕಟ ಎನ್ನುತ್ತಿದ್ದವು. "ಆಮ್ಯಾಲ ನಾಕು ಸಲ ನೀರ ಬಂತು, ಟೊಂಗಿ ಮುರಿಯಾಕ ಇಲ್ಲಿಗಿ ಯಾರೂ ಬರಲಿಲ್ಲ. ನನಗ ಭಾಳ ಅಂಜಿಕಿ ಆತು. ನನ್ನಂಗ ಇನ್ನ್ಯಾರರ ಮಲಗಿದ್ರ? ಅದಕ್ಕ ಕೂಲಿಗಿ ಹೋಗೂಕಿಂತ ಮದ್ಲ ನಾನಽ ಒದರಕೋತ ನಡದು, ಟೊಂಗಿ ಮೇಜಿಗಿ ಹೋಗ್ತದಂತ ಸಾಹೇಬ್ರು ಹೇಳಿದ್ರು, ಅದನ್ನ ಕಿಟಕಿ ಸರಳಿನ್ಯಾಗಿಂದ ನಿಮ್ಮ ಮೇಜಿನ ಮ್ಯಾಲ ಹಾಕಿ, ಹೊಳ್ಳಿ ಇದ್ರಾಗಽ ಮನಿಗಿ ಬರತಿದ್ದೆ."

ಹೊಳ್ಳಿ ಇದರಲ್ಲೇ. ಮರಳಿ ಇದೇ ಸುರಂಗದಲ್ಲಿ. ಟೊಂಗೆ ಇಟ್ಟ ಮೇಲೆ ಒಳಗೆ ಕಾಲಿಡಕೂಡದು ಎಂಬ ನಿಯಮ ಅವಳಿಗೆ ಯಾರು ಹೇಳಿದ್ದರು? ಅವಳು ನಮ್ಮ ನೌಕರಳಲ್ಲ. ಅವಳಿಗೆ ಸಂಬಳ ಇಲ್ಲ, ವಹಿಯಲ್ಲಿ ಹೆಸರಿಲ್ಲ. ಅಷ್ಟು ಮಂದಿ ಸಂಬಳದವರಿದ್ದ ಆ ಕ್ಯಾಂಪಿನಲ್ಲಿ ಸಾಹೇಬರ ಕೆಲಸ ಮುಂದುವರಿಸಿದವಳು ಅವಳೊಬ್ಬಳು.

"ಒಂದು ಮಾತು ನಮಗ ಹೇಳಬೇಕಿಲ್ಲೇನವ್ವ?" ಎಂದ ಮಾತಿನಮಲ್ಲ, ಅಳುತ್ತ.

"ಹೇಳೋದೇನದರಿ ಅದ್ರಾಗ? ಮೇಜಿನ ಮ್ಯಾಲ ಇಟ್ಟಿದ್ನಲ್ಲ," ಎಂದಳು. ಆಮೇಲೆ ನಮ್ಮ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದಳು. "ನಸಿಕಿನ್ಯಾಗ ಬಿದ್ದಾಗ ಒದರಿದೆ. ಯಾರೂ ಬರಲಿಲ್ಲ. ಎಚ್ಚರ ತಪ್ಪಿತು. ಎಚ್ಚರಾದಾಗ ನೀವು ಬಂದಿದ್ರಿ. ಬೆಳಕಿನ್ಯಾಗ ನೀವು ನಿಂತಿದ್ದು ನನಗ ಕಾಣತಿತ್ತು. ನಾ ಒದರತಿದ್ದೆ, ನೀವು ಕೈ ಮುಗಕೊಂಡು ನಿಂತಿದ್ರಿ. ನೀರ ಬಿಟ್ಟಾರ, ಇನ್ನ ಆಗಂಗಿಲ್ಲ ಅಂತ ನನಗ ಕಡೀ ಕೈ ಮುಗಿಯಾಕತ್ತಾರ ಅನಕೊಂಡೆ. ನಾನೂ ಕೈ ಮುಗದೆ."

ಹಿರಿಯವನು ಎದ್ದು ಅವಳ ಗುಡಿಸಲಿಗೆ ಓಡಿ ಹೊರಸು ತಂದ.

ಗುಡ್ಡ ಸುತ್ತಿ ಹೊರಸಿನ ಮೇಲೆ ಅವಳನ್ನು ಆಫೀಸಿಗೆ ತಂದೆವು. ಜೀಪು ಬರುವ ತನಕ ಕೂಡಿಸಲು ಕೈ ಇದ್ದ ಕುರ್ಚಿ ಬೇಕಿತ್ತು. ಹಿರಿಯವನು ಹಾರ ತೆಗೆದು ಹೊರಗೆ ಹಾಕಿ, ಟವೆಲ್ಲಿನಿಂದ ಅವಳ ಕಾಲಿನ ಕೆಸರು ಒರೆಸಿ, ಅದರ ಮೇಲೆ ಕೂಡಿಸಿದ. ಕುರ್ಚಿ ಕಿರ್ ಎಂದಿತು, ಸಾಹೇಬರು ಕೂತಾಗ ಎನ್ನುತ್ತಿದ್ದ ಹಾಗೇ.

ಸುರಪುರದಿಂದ ಹೊಸ ಸಾಹೇಬರು ಬಂದರು. ನಡೆಯದೆ ಮಾತು ಕೊಟ್ಟವಳು ನಾನು ಎಂದೆ. ತಪ್ಪು ನಂದ್ರಿ ಎಂದ ಹಿರಿಯವನು. ನಂದ್ರಿ ಎಂದ ಮಾತಿನಮಲ್ಲ. ಮೂರನೆಯವನೂ ನಂದ್ರಿ ಎಂದ, ಅವನು ತಾನಾಗಿ ಆಡಿದ ಮೊದಲ ಮಾತು ಅದಿರಬೇಕು. ಹೊಸ ಸಾಹೇಬರು ವಹಿ ತೆರೆದರು. ಇನ್ನೂ ಬಾರದ ಎರಡು ಸರದಿಗೆ ಅವರದೇ ಸಹಿ ಇತ್ತು. ಅದನ್ನು ಬಹಳ ಹೊತ್ತು ನೋಡಿದರು. ನೋಟಿಸು ಬರೆಯುತ್ತಾರೆಂದು ಕಾದೆವು. ಅವರು ವಹಿ ಮುಚ್ಚಿ, ಅವಳನ್ನು ತಾವೇ ಜೀಪಿಗೆ ಎತ್ತಿ ಕೂಡಿಸಿ ಶಹಾಪುರದ ದವಾಖಾನೆಗೆ ಕರೆದೊಯ್ದರು. ಮುಂದಿನ ಸರದಿಯ ದಿನ ಬೆಳಿಗ್ಗೆ ಏಳಕ್ಕೆ ಬಂದು ಬೂಟು ಬಿಚ್ಚಿದರು. ಕತ್ತಲು ಎಂದರೆ ಅವರಿಗೆ ಹೆದರಿಕೆ ಎಂದು ಅವತ್ತೇ ಗೊತ್ತಾದದ್ದು. ಕೂಗುವಾಗ ದನಿ ನಡುಗುತ್ತಿತ್ತು. ಹೆದರಿಕೊಂಡೇ ಮುನ್ನೂರು ಹೆಜ್ಜೆ ಹೋಗಿ ಮುನ್ನೂರು ಹೆಜ್ಜೆ ಬಂದರು. ನನಗೆ ಅವರ ಮೇಲೆ ಗೌರವ ಹುಟ್ಟಿತು. ಮೂವರು ಹೇಳಿಸಿಕೊಳ್ಳದೆ ಅವರ ಹಿಂದೆ ನಡೆದರು.

ಅವಳ ಕಾಲು ಕೂಡಿಕೊಂಡಿತು, ಸ್ವಲ್ಪ ಕುಂಟು ಉಳಿಯಿತು. ಮಗಳ ಜೊತೆ ಆಮೇಲೆ ಯಾವುದೋ ಊರಿಗೆ ಹೋದಳು. ನಾನು ನಿವೃತ್ತಿಯಾಗುವ ತನಕ ಪ್ರತಿ ಸರದಿಯೂ ನಡೆದೆ. ಮೇಜಿನ ಕೆಲಸದವಳು ಯಾಕೆ ನಡೆಯುತ್ತೀ ಎಂದು ಎಷ್ಟೋ ಹೊಸಬರು ಕೇಳಿದರು. ಮಾತು ಕೊಡುವವಳು ನಾನು ಎಂದು ಹೇಳುತ್ತಿದ್ದೆ.

ನನ್ನ ಕಡೆಯ ವರ್ಷ ಒಂದು ದಿನ ಒಬ್ಬಳೇ ನಡೆದಿದ್ದೆ. ಮೂವರೂ ಅಷ್ಟೊತ್ತಿಗೆ ಇರಲಿಲ್ಲ, ಹಿರಿಯವನು ತೀರಿಕೊಂಡು ಬಹಳ ವರ್ಷವಾಗಿತ್ತು. ಸುರಂಗ ದಾಟಿ, ಟೊಂಗೆ ಮುರಿದು, ಮರಳಿ ಈಚೆ ಬಾಯಿಗೆ ಬಂದು ರೂಢಿಯಂತೆ ಕಡೆಯ ಸಲ ಕೂಗಿದೆ. ದನಿ ಮರಳಿತು, ಒಂದು, ಎರಡು, ಮೂರು. ಸುಮ್ಮನೆ ನಿಂತು ಕೇಳಿದೆ. ಆಗ ನಾಲ್ಕನೆಯದು ಬಂತು. ಮೆಲ್ಲಗೆ, ದಪ್ಪಗೆ, ನಾನು ಕೂಗದ ದನಿ. ಲವಂಗದ ವಾಸನೆಯೂ ಬಂತು, ಅಲ್ಲಿ ಊದುಬತ್ತಿ ಹಚ್ಚುವವರು ಯಾರೂ ಇರಲಿಲ್ಲ.

ನನ್ನ ಎರಡೂ ಕೈ ತಾವಾಗಿ ಎದೆಯ ಹತ್ತಿರ ಬಂದವು. ಅವನ್ನು ಕೆಳಗಿಳಿಸಿದೆ. ಟೊಂಗೆಯನ್ನು ಕಲ್ಲಿನ ಮೇಲೆ ಇಟ್ಟು, ಮತ್ತೆ ಒಳಗೆ ಹೋದೆ. ಎಡಗೋಡೆ ಮುಟ್ಟುತ್ತ ಆಚೆ ಬಾಯಿಯ ತನಕ, ಬಲಗೋಡೆ ಮುಟ್ಟುತ್ತ ಈಚೆ ಬಾಯಿಯ ತನಕ. ಯಾರೂ ಇರಲಿಲ್ಲ. ನೀರು ಒಂದು ಗಂಟೆ ತಡವಾಯಿತು. ನನಗೆ ನೋಟಿಸು ಬಂತು. ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡೆ, ಇನ್ನೂ ಇದೆ.